ಸೊಕ್ಕಿದ್ದವರ ಹಾದಿ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕವಿದ್ದವ ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದ ಹಳೆಯ ಗಾದೆ. ಗೋಕರ್ಣಕ್ಕೆ ಹೊರಟವನ ಕೈಯಲ್ಲಿ ದಾನ ದಕ್ಷಿಣೆಗಳಿಗೆಂದು ನಾಲ್ಕು ಕಾಸಿರಬೇಕು. ಯಾಣಕ್ಕೆ ಹೊರಟವನ ಮೈಯಲ್ಲಿ ಕಸುವಿರಬೇಕು. ಕಸುವಿಗಿಂತ ಒಂದು ಹಿಡಿ ಹೆಚ್ಚಾಗಿ ಸೊಕ್ಕಿರಬೇಕು. ದಟ್ಟಡವಿಯ ನಡುವೆ ಜಿಗಣೆಗಳಿಗೆ ರಕ್ತದಾನ ಮಾಡುತ್ತ, ಏರಿ ಇಳಿದು ಏದುಸಿರು ಬಿಟ್ಟವನಿಗೆ ಮಾತ್ರ ಅಲ್ಲಿಯ ಕರಿಯ ಶಿಖರಗಳ ದರ್ಶನ. ಆ ಕಾಲ ಹೋಯಿತು. 1996ರಲ್ಲಿ ತೆರೆಕಂಡ ‘ನಮ್ಮೂರ ಮಂದಾರ ಹೂವೇ’ ಚಿತ್ರ ಯಾಣವನ್ನು ಮನೆಮಾತಾಗಿಸಿತು. ಇಂದು ಮೋಟಾರು ಬಹು ಹತ್ತಿರಕ್ಕೇ ಹೋಗುತ್ತದೆ. ಆದರೂ ಗಾದೆ ಪೂರ್ತಿ ಸುಳ್ಳಾಗಿಲ್ಲ. ಪರೀಕ್ಷಿಸಿ ನೋಡಬೇಕೆನ್ನುವವರು ಸೈಕಲ್ಲಿನ ಮೇಲೆ ಕುಳಿತು, ಅಂಕೋಲೆಯ ಕಡೆಯಿಂದ ವಡ್ಡಿ ಘಟ್ಟವನ್ನು ಹತ್ತಬೇಕು.

ಪುಷ್ಯಮಾಸದ ಒಂದು ಮುಂಜಾನೆ ಹಾಗೆ ಹತ್ತಲು ಹೊರಟವರು ಇಬ್ಬರು. ಒಬ್ಬರು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ನೌಕರಿಯಲ್ಲಿರುವ ಐವತ್ತೆಂಟರ ಹಿರಿಯರು. ಇನ್ನೊಬ್ಬ ಅವರ ತಂಗಿಯ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದ ತರುಣ. ಮಾವನ ಹುಟ್ಟೂರು ಘಟ್ಟದ ನೆತ್ತಿಯ ಮೇಲೆ, ಶಿರಸಿ ತಾಲ್ಲೂಕಿನ ಮತ್ತಿಘಟ್ಟದ ಆಸುಪಾಸಿನ ಒಂದು ಕೇರಿ. ಅಳಿಯನ ಹುಟ್ಟೂರು ಯಲ್ಲಾಪುರ ತಾಲ್ಲೂಕಿನ ಕಳಚೆ. ಮತ್ತಿಘಟ್ಟದ ಕಡೆಯ ಮನೆಯಲ್ಲಿ ಈಗ ಒಬ್ಬರೇ ಇರುವ ಎಂಬತ್ತನಾಲ್ಕರ ಅಜ್ಜಿಯ ತವರು ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಕಡೆ. ಹೀಗೆ ಮೂರು ತಾಲ್ಲೂಕುಗಳೂ ಒಂದೇ ಮನೆಯ ನೆಂಟಸ್ತಿಕೆಯಲ್ಲಿ ಹೆಣೆದುಕೊಂಡಿದ್ದವು. ಆ ಸೀಮೆಯಲ್ಲಿ ಅದೇನೂ ಅಪರೂಪವಲ್ಲ.

ಹೊರಟ ಕಾರಣ ಎರಡು. ಅಜ್ಜಿಯನ್ನು ಹುಬ್ಬಳ್ಳಿಗೆ ಕರೆದೊಯ್ಯಲು ಒಪ್ಪಿಸಬೇಕು. ಕಾರಿನಲ್ಲಿ ಹೋಗಿ ಕೇಳಿದಾಗಲೆಲ್ಲ ಅವರ ಉತ್ತರ ‘ನೋಡೋಣ’ ಎಂಬ ಒಂದೇ ಮಾತು. ಎರಡನೆಯ ಕಾರಣ ಮಾವನದು. ಹೈಸ್ಕೂಲಿನ ದಿನಗಳಲ್ಲಿ ಅವರು ಈ ಘಟ್ಟವನ್ನು ಸೈಕಲ್ಲು ತಳ್ಳಿಕೊಂಡು ಹತ್ತಿದ್ದುಂಟು. ಸೈಕಲ್ಲಿನ ಮೇಲೆ ಕುಳಿತು ಹತ್ತಿದ್ದಿಲ್ಲ. ಆ ಬಾಕಿಯೊಂದು ಉಳಿದಿತ್ತು.

ಎರಡು ಕಣಿವೆನಾಡುಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ‘ಘಟ್ಟದ ಮೇಲಿನ’ ತಾಲ್ಲೂಕುಗಳು. ಅಂಕೋಲಾ, ಕುಮಟಾ, ಹೊನ್ನಾವರಗಳು ‘ಘಟ್ಟದ ಕೆಳಗಿನವು’. ಶಿರಸಿ ಪೇಟೆ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಈ ಎತ್ತರದಿಂದ ಕಡಲಿಗೆ ಧುಮುಕುವ ಆತುರದಲ್ಲಿ ನದಿಗಳು ನೆಲವನ್ನು ಆಳವಾಗಿ ಸೀಳಿವೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಎರಡು ನೆಗೆತಗಳಲ್ಲಿ ಕಂದರಕ್ಕೆ ಬೀಳುತ್ತದೆ. ಮುಂದೆ ಅದೇ ಗಂಗಾವಳಿಯೆನಿಸಿ ಅಂಕೋಲೆಯ ಕಡೆ ಹರಿಯುತ್ತದೆ. ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ದುಮುಕುತ್ತದೆ. 1845ರಲ್ಲಿ ಅದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ನನ ಹೆಸರನ್ನು ಇಂಗ್ಲಿಷರು ಅದಕ್ಕೆ ಇಟ್ಟರು. ಊರವರು ಮಾತ್ರ ತಮ್ಮದೇ ಹೆಸರಿನಲ್ಲಿ ಅದನ್ನು ಕೆಪ್ಪ ಜೋಗವೆಂದೇ ಕರೆಯುತ್ತ ಬಂದಿದ್ದಾರೆ; ಅದರ ಮೊರೆತದ ಮುಂದೆ ಪಕ್ಕದವನ ಮಾತು ಕೇಳಿಸದು.

ಅಮೆರಿಕದ ಯೂಟಾ ಪ್ರಾಂತದಲ್ಲಿಯೂ ಇಂಥದೇ ಒಂದು ಕಣಿವೆನಾಡುಂಟು. ಅಲ್ಲಿಯದು ಮರುಭೂಮಿ. ಮೊಆಬ್ ಎಂಬ ಊರಿನ ಬಳಿ ಶೇಫರ್ ಹಾದಿ ಎಂಬುದೊಂದು, ಕೆಂಪು ಮರಳುಗಲ್ಲಿನ ಗೋಡೆಯನ್ನು ಹಾವಿನಂತೆ ಸುತ್ತುತ್ತ ಸುಮಾರು 450 ಮೀಟರ್ ಏರುತ್ತದೆ. ಮೊದಲು ಅದು ದನ ಹೊಡೆಯುವವರ ಹಾದಿ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗಾಗಿ ಅಗಲವಾಯಿತು. ಅಲ್ಲಿ ಇಂದು ಜಲ್ಲಿಹಾದಿಗೆಂದೇ ತಯಾರಾದ, ದಪ್ಪ ಟೈರಿನ ಸೈಕಲ್ಲುಗಳನ್ನೇರಿದವರು ಬೆವರು ಸುರಿಸುತ್ತಾರೆ. ಅಳಿಯನ ಸೈಕಲ್ಲೂ ಆ ಜಾತಿಯದೇ. ಆ ಹಾದಿಯ ಚಿತ್ರಗಳನ್ನು ನೋಡಿಯೇ ಅವನಿಗೆ ಈ ಹುಚ್ಚು ಹತ್ತಿದ್ದು. ಆದರೆ ಎರಡು ನಾಡುಗಳ ನಡುವೆ ಒಂದು ದೊಡ್ಡ ಅಂತರವಿದೆ. ಮೊಆಬಿನಲ್ಲಿ ಇಡೀ ವರ್ಷ ಸುರಿಯುವ ಮಳೆ ಸುಮಾರು 25 ಸೆಂಟಿಮೀಟರ್. ಶಿರಸಿ ಸೀಮೆಯಲ್ಲಿ ಅಷ್ಟು ಮಳೆ ಆಷಾಢದ ಎರಡು ವಾರಗಳಲ್ಲಿ ಬಿದ್ದುಹೋಗುತ್ತದೆ. ಅಲ್ಲಿ ಬೆಟ್ಟದ ಎಲುಬು ಬಯಲಾಗಿ ಕಾಣುತ್ತದೆ. ಇಲ್ಲಿ ಎಲುಬಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಡು. ಬೆಟ್ಟ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ಇಲ್ಲಿ ಕಣ್ಣಿಗೆ ತಿಳಿಯದು.

ಹತ್ತಿಯ ಗಾಡಿ, ಉಪ್ಪಿನ ಹೊರೆ

ಘಟ್ಟದ ಹಾದಿಗಳೂ ಸರಕಿಗಾಗಿಯೇ ಹುಟ್ಟಿದವು. ಕುಮಟೆಯಿಂದ ಶಿರಸಿಗೇರುವ ದೇವಿಮನೆ ಘಟ್ಟದಲ್ಲಿ ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿಯನ್ನು ಹೊತ್ತ ಎತ್ತಿನ ಗಾಡಿಗಳ ಸಾಲು ಇಳಿಯುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ, ಈ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಳೆದದ್ದು ಧಾರವಾಡದಲ್ಲಾದರೂ, ಹಡಗೇರಿದ ಬಂದರಿನ ಹೆಸರಿನಿಂದ ಅದು ಜಗತ್ತಿನ ಪೇಟೆಯಲ್ಲಿ ‘ಕುಮ್ಟಾ ಹತ್ತಿ’ ಎನಿಸಿಕೊಂಡಿತು. 1880ರ ದಶಕದ ಕೊನೆಗೆ ರೈಲು ಹಳಿ ಮರ್ಮಗೋವೆಯ ಬಂದರಿಗೆ ಹರಿಯಿತು. ಕುಮಟೆಯ ವೈಭವ ಇಳಿಯಿತು. ಗಾಡಿ ಹಾದಿ ಮಾತ್ರ ಉಳಿಯಿತು.

ಎತ್ತಿಗಾಗಿ ಕಡಿದ ಹಾದಿಗೆ ಒಂದು ಗುಣವುಂಟು. ಸುತ್ತು ಹೆಚ್ಚು, ಏರು ಮೆಲ್ಲಗೆ. ಹೇರು ತುಂಬಿದ ಗಾಡಿಯನ್ನು ಎತ್ತು ಎಷ್ಟು ಏರಿನಲ್ಲಿ ಎಳೆದೀತು ಎಂಬುದೇ ಅದರ ಅಳತೆ. ಆದ್ದರಿಂದಲೇ ಅಂಥ ಹಾದಿಗಳು ಸೈಕಲ್ಲಿಗೂ ಒಗ್ಗುತ್ತವೆ. ಆದರೆ ದೇವಿಮನೆ ಇಂದು ಹೆದ್ದಾರಿ. ಅಂಕೋಲೆಯಿಂದ ಯಲ್ಲಾಪುರಕ್ಕೇರುವ ಅರಬೈಲು ಲಾರಿಗಳ ರಾಜ್ಯ. ಕುಮಟೆಯಿಂದ ಸಿದ್ದಾಪುರಕ್ಕೇರುವ ದೊಡ್ಡಮನೆ ಘಟ್ಟದಲ್ಲಿ ಸದ್ದು ಕಡಿಮೆ. ಅದಕ್ಕಿಂತಲೂ ಒರಟಾದದ್ದು ವಡ್ಡಿ. ಕಾಲುನಡಿಗೆಯವರೂ ತಲೆಹೊರೆಯವರೂ ತುಳಿದ ಜಾಡಿನ ಗುಣ ಅಲ್ಲಿ ಇನ್ನೂ ಹೋಗಿಲ್ಲ. ಮಾವನ ತಂದೆ ಆ ಜಾಡಿನಲ್ಲಿ ಅಡಿಕೆ ಹೊತ್ತು ಇಳಿದು, ಸಾಣಿಕಟ್ಟೆಯ ಉಪ್ಪು ಹೊತ್ತು ಏರಿದವರು.

ಏರು

ಅಂಕೋಲೆ ಬಿಟ್ಟು ಹಿಲ್ಲೂರು ದಾಟುವವರೆಗೆ ದಾರಿ ಸೌಮ್ಯ. ಗದ್ದೆಗಳಲ್ಲಿ ಮಂಜು ಕುಳಿತಿತ್ತು. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ತರಕಾರಿಯ ಬುಟ್ಟಿ ಹೊತ್ತು ಎದುರು ಬರುತ್ತಿದ್ದರು. ಇದೇ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಅದೇ ಸಮುದಾಯದ ತುಳಸಿ ಗೌಡರು ಬಾಳಿದರು. ಅಕ್ಷರ ಕಲಿಯದೆಯೇ ಕಾಡುಮರಗಳ ಬೀಜದ ಮರ್ಮ ಬಲ್ಲವರಾಗಿ, ಪದ್ಮಶ್ರೀ ಪಡೆದು, 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಚವೆಯ ಆಚೆ ಕಾಡು ಎರಡೂ ಬದಿಯಿಂದ ಹತ್ತಿರಕ್ಕೆ ಸರಿಯಿತು. ಬಿಳಿಯ ಸುಣ್ಣಕಲ್ಲಿನ ಮೇಲೆ ಹರಿದು ಬೀಳುವ ವಿಭೂತಿ ಜಲಪಾತ ಆ ಬದಿಯದೇ. ಯಾಣದ ಶಿಖರಗಳೂ ಸುಣ್ಣಕಲ್ಲೇ, ಆದರೆ ಕರಿಯವು. 120 ಮೀಟರಿನ ಭೈರವೇಶ್ವರ, 90 ಮೀಟರಿನ ಮೋಹಿನಿ. ಒಂದೇ ಕಲ್ಲು ಒಂದು ಕಡೆ ಭಸ್ಮ, ಇನ್ನೊಂದು ಕಡೆ ಭಸ್ಮಾಸುರನ ಕಥೆ.

ಯಾಣದ ಕವಲನ್ನು ಬಿಟ್ಟ ಮೇಲೆ ಘಟ್ಟ ತನ್ನ ನಿಜರೂಪ ತೋರಿಸಿತು. ಇಂಥ ಹಾದಿಯ ಮೈ ವರ್ಷವರ್ಷಕ್ಕೂ ಬೇರೆ. ಡಾಂಬರು ಹಾಕಿದ ಕಡೆ ಮಳೆ ಅದನ್ನು ಕಿತ್ತಿರುತ್ತದೆ. ಕಿತ್ತ ಕಡೆ ಜಲ್ಲಿ ಸುರಿದಿರುತ್ತಾರೆ. ಜಲ್ಲಿಯ ಮೇಲೆ ಧರೆಯ ಕೆಮ್ಮಣ್ಣು ಜಾರಿರುತ್ತದೆ. ಸೈಕಲ್ಲಿನವನಿಗೆ ಇಲ್ಲಿ ಎರಡು ಹಗೆಗಳು. ಒಂದು ಏರು, ಇನ್ನೊಂದು ಸಡಿಲು. ಏರಿಗಾಗಿ ಸೀಟಿನಿಂದೆದ್ದು ನಿಂತು ತುಳಿದರೆ ಹಿಂದಿನ ಗಾಲಿ ಹಗುರಾಗಿ ಜಲ್ಲಿಯಲ್ಲಿ ಸುಮ್ಮನೆ ತಿರುಗುತ್ತದೆ. ಕುಳಿತೇ ತುಳಿದರೆ ಮುಂದಿನ ಗಾಲಿ ಹಗುರಾಗಿ ಅತ್ತಿತ್ತ ಓಲಾಡುತ್ತದೆ. ಸೀಟಿನ ತುದಿಗೆ ಸರಿದು, ಎದೆಯನ್ನು ಹ್ಯಾಂಡಲಿನ ಕಡೆಗೆ ಬಾಗಿಸಿ, ಎರಡೂ ಗಾಲಿಗಳಿಗೆ ಭಾರ ಹಂಚಿ, ಒಂದೇ ಸಮನೆ ತುಳಿಯಬೇಕು. ಟೈರಿನಲ್ಲಿ ಗಾಳಿಯೂ ತುಸು ಕಡಿಮೆಯಿರಬೇಕು. ಬಿರುಸಾದ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಮೆದುವಾದದ್ದು ಕಲ್ಲನ್ನು ಅಪ್ಪಿ ದಾಟುತ್ತದೆ.

ಹಿಂದಿನ ಕಾಲದ ಸೈಕಲ್ಲುಗಳಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಅಥವಾ 48 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡೂವರೆ ಸುತ್ತು ಬರಬೇಕು. ಬಯಲಿಗೆ ಅದು ಸೊಗಸು. ಘಟ್ಟದಲ್ಲಿ ಅದು ಮನುಷ್ಯನ ಅಳವಲ್ಲ. ಅದಕ್ಕೇ ಹುಡುಗ ಮಾವ ತಳ್ಳಿಕೊಂಡು ಹೋದದ್ದು. ಇಂದು ಅಳಿಯನ ಸೈಕಲ್ಲಿನಲ್ಲಿ ಮುಂದೆ 40 ಹಲ್ಲು, ಹಿಂದೆ 42ರವರೆಗೂ ಉಂಟು. ಪೆಡಲಿನ ಒಂದು ಸುತ್ತಿಗೆ ಗಾಲಿ ಒಂದು ಸುತ್ತೂ ಪೂರ್ತಿ ಬಾರದು. ಕಾಲಿಗೆ ಹಗುರ, ತಾಳ್ಮೆಗೆ ಭಾರ. ಸೈಕಲ್ಲು ನಡಿಗೆಯ ವೇಗಕ್ಕೆ ಇಳಿಯುತ್ತದೆ.

ಮೊದಲ ನಾಲ್ಕಾರು ತಿರುವುಗಳನ್ನು ಅಳಿಯ ಹುರುಪಿನಿಂದಲೇ ಹತ್ತಿದ. ಮಾವ ಹಿಂದುಳಿದರು. ಅವರು ಉಸಿರು ಎಣಿಸುತ್ತಿದ್ದರು: ಎರಡು ತುಳಿತಕ್ಕೆ ಒಳಗೆ, ಎರಡು ತುಳಿತಕ್ಕೆ ಹೊರಗೆ. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿಯೊಂದು ಹಾರಿತು. ಅದರ ರೆಕ್ಕೆಯ ಬುಸುಬುಸು ಸದ್ದು ಹಳೆಯ ಉಗಿಬಂಡಿಯೊಂದು ಕಾಡಿನ ಮೇಲೆ ಹಾದಂತಿತ್ತು. ಮೋಟಾರಿನಲ್ಲಿ ಹತ್ತುವವರಿಗೆ ಈ ಸದ್ದಿಲ್ಲ. ಬಲಬದಿಯ ಕಂದರದಲ್ಲಿ ಹಳ್ಳದ ನೀರು ಮಾತಾಡುತ್ತಿತ್ತು. ಎಡಬದಿಯ ಧರೆಯಲ್ಲಿ ಮರದ ಬೇರುಗಳು ಗಾಳಿಗೆ ತೂಗುತ್ತಿದ್ದವು.

ಒಂದು ತೀರ ಕಡಿದಾದ ತಿರುವಿನಲ್ಲಿ ಹೊಸದಾಗಿ ಜಾರಿದ ಮಣ್ಣಿತ್ತು. ಅಳಿಯನ ಹಿಂದಿನ ಗಾಲಿ ಒಮ್ಮೆ ತಿರುಗಿತು, ಇನ್ನೊಮ್ಮೆ ತಿರುಗಿತು. ಸೈಕಲ್ಲು ಮುಂದೆ ಹೋಗಲಿಲ್ಲ. ಕಾಲೂರುವ ಮೊದಲೇ ಅವನು ಪಕ್ಕಕ್ಕೆ ಬಿದ್ದ. ಮೊಣಕೈ ತರಚಿತು. ಮಾವ ಬಂದು ಇಳಿದು ನೋಡಿದಾಗ ಅವನು ಗಾಯವನ್ನು ನೋಡುತ್ತಿರಲಿಲ್ಲ. ತಲೆಯೆತ್ತಿ ಧರೆಯನ್ನು ನೋಡುತ್ತಿದ್ದ.

“ಹೆಚ್ಚು ತಾಗಿತೇನೋ, ತಮಾ?”

“ಇಲ್ಲ ಮಾವ. ಈ ಮಣ್ಣು ನಿನ್ನೆ ಮೊನ್ನೆಯದು. ಮಳೆಯಿಲ್ಲದಾಗಲೂ ಇಳಿಯುತ್ತ ಇದೆ ನೋಡು.”

ನಡೆಯುವ ಗುಡ್ಡ

ಅವನ ಆ ದೃಷ್ಟಿಗೆ ಕಾರಣವಿತ್ತು. 2021ರ ಜುಲೈ ತಿಂಗಳ ಮಹಾಮಳೆಯಲ್ಲಿ ಕಳಚೆಯ ಗುಡ್ಡಗಳು ಕುಸಿದವು. ತಲೆಮಾರುಗಳಿಂದ ಸಾಕಿದ ಅಡಿಕೆ ತೋಟಗಳು, ಮರ ನಿಂತ ಹಾಗೆಯೇ, ಕೆಳಗೆ ಸರಿದುಹೋದವು. ರಸ್ತೆಗಳು ತುಂಡಾದವು. ಅದೇ ಮಳೆಗೆ ಅರಬೈಲು ಘಟ್ಟ ಕುಸಿಯಿತು. ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. ಅಳಿಯನ ಮನೆ ಉಳಿಯಿತು, ತೋಟ ಉಳಿಯಲಿಲ್ಲ. ತಂದೆ ತಾಯಿ ಯಲ್ಲಾಪುರ ಪೇಟೆಗೆ ಬಂದು ಬಾಡಿಗೆ ಮನೆ ಹಿಡಿದರು. ಮೂರು ವರ್ಷಗಳ ಮೇಲೆ, 2024ರ ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಆ ಸುದ್ದಿ ಬಂದ ದಿನದಿಂದ ಅವನಿಗೆ ಅಜ್ಜಿಯ ಮನೆಯ ಹಿಂದಿನ ಧರೆ ಕನಸಿನಲ್ಲಿ ಕಾಣತೊಡಗಿತ್ತು.

ಗುಡ್ಡ ಕುಸಿಯುವ ಬಗೆ ಬಹಳ ಗೂಢವಾದದ್ದಲ್ಲ. ಬಂಡೆಯ ಮೇಲೆ ಸಾವಿರಾರು ವರ್ಷಗಳ ಮಳೆ ಬಿಸಿಲುಗಳು ಕೊಳೆಸಿ ಮಾಡಿದ ಮಣ್ಣಿನ ದಪ್ಪ ಹೊದಿಕೆ ಇರುತ್ತದೆ. ಹದವಾಗಿ ಮಳೆ ಬಂದರೆ ನೀರು ಇಂಗಿ ಊಟೆಯಾಗಿ ಹೊರಬರುತ್ತದೆ. ಒಂದೇ ಸಮನೆ ಸುರಿದರೆ ಹೊರಹೋಗಲು ಎಡೆಯಿಲ್ಲದ ನೀರು ಮಣ್ಣಿನ ಕಣಕಣಗಳ ನಡುವೆ ನಿಂತು, ಅವು ಒಂದನ್ನೊಂದು ಹಿಡಿದುಕೊಳ್ಳುವ ಬಿಗಿಯನ್ನು ಸಡಿಲಿಸುತ್ತದೆ. ಆಗ ಇಡೀ ಹೊದಿಕೆ ಬಂಡೆಯ ಮೇಲಿಂದ ಜಾರುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ, ಊರುಗೋಲನ್ನೇ ಕಸಿದುಕೊಂಡ ಹಾಗೆ. ಸೈಕಲ್ಲಿನ ಗಾಲಿಯ ಕೆಳಗೆ ಜಾರುವ ಆ ಒಂದು ಹಿಡಿ ಗರಸು ಬೇರೇನಲ್ಲ. ಮೆಲ್ಲಮೆಲ್ಲನೆ ಕಡಲಿಗೆ ಹೊರಟಿರುವ ಗುಡ್ಡವೇ. ಅದರ ನಡಿಗೆ ಸಾಮಾನ್ಯವಾಗಿ ಮನುಷ್ಯನ ಆಯುಷ್ಯದ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಒಮ್ಮೊಮ್ಮೆ ಮಾತ್ರ, ಒಂದು ರಾತ್ರಿಯಲ್ಲಿ, ಸಿಕ್ಕಿಬಿಡುತ್ತದೆ.

ಆ ತಿರುವನ್ನು ಇಬ್ಬರೂ ಇಳಿದು ತಳ್ಳಿದರು. ಮೇಲೆ ಇನ್ನೊಂದು ಕಡೆಯೂ ತಳ್ಳಿದರು. ಉಳಿದದ್ದನ್ನು ಕುಳಿತೇ ಹತ್ತಿದರು. ಈಗ ಮಾವ ಮುಂದೆ, ಅಳಿಯ ಹಿಂದೆ. ಘಟ್ಟ ಮೊದಲು ಕಳೆಯುವುದು ಸೊಕ್ಕನ್ನು. ಅದು ಕಳೆದ ಮೇಲೆ ಹತ್ತುವುದು ಅಷ್ಟು ಕಷ್ಟವಲ್ಲ.

ನೆತ್ತಿಯ ಮೇಲೆ

ಏರು ಮುಗಿದದ್ದು ತಿಳಿಯುವುದು ಗಾಳಿಯಿಂದ. ಬೆವರಿದ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ಕಾಡು ತುಸು ತೆರೆದು, ಟೊಂಗೆ ಸವರಿಸಿಕೊಂಡ ಮರಗಳ ಬೆಟ್ಟ ಕಾಣಿಸಿತು. ಇದು ಸೊಪ್ಪಿನ ಬೆಟ್ಟ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬುದು ಇಂಗ್ಲಿಷರ ಕಾಲದಿಂದ ಬಂದ ಕಟ್ಟಳೆ. ಸೊಪ್ಪು ತೋಟಕ್ಕೆ ಗೊಬ್ಬರ, ಬೆಟ್ಟ ತೋಟಕ್ಕೆ ನೀರಿನ ತಿಜೋರಿ. ಕಾಡು ಹೋದರೆ ತೋಟ ಉಳಿಯದೆಂಬ ತಿಳಿವಳಿಕೆ ಇಲ್ಲಿಯವರಿಗೆ ಪುಸ್ತಕದಿಂದ ಬಂದದ್ದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಹೆಸರಿನೊಡನೆ ಕೂಡಿಕೊಂಡ ‘ಅಪ್ಪಿಕೋ’ ಚಳವಳಿ ಹುಟ್ಟಿದ್ದು ಹಾಗೆ. 2011ರಲ್ಲಿ ಬೇಡ್ತಿ ಕಣಿವೆಯೂ, ಸಿಂಗಳೀಕಗಳ ನೆಲೆಯಾದ ಅಘನಾಶಿನಿ ಕಣಿವೆಯೂ ಸಂರಕ್ಷಿತ ಪ್ರದೇಶಗಳೆನಿಸಿದವು.

ಸಂಕ ದಾಟಿ, ದಣಪೆ ಸರಿಸಿ, ಇಬ್ಬರೂ ಅಂಗಳಕ್ಕೆ ಬಂದಾಗ ಹೊತ್ತು ಇಳಿದಿತ್ತು. ಕೊನೆಕೊಯ್ಲಿನ ಕಾಲ. ಜಗಲಿಯ ತುಂಬ ಅಡಿಕೆ ರಾಶಿ. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು. ಕೆಮ್ಮಣ್ಣು ಮೆತ್ತಿದ ಎರಡು ಆಕೃತಿಗಳನ್ನು ಒಂದು ಗಳಿಗೆ ಗುರುತಿಸಲಿಲ್ಲ. ಗುರುತಿಸಿದ ಮೇಲೆ ಮೊದಲು ಬಂದದ್ದು ಬೆಲ್ಲ, ನೀರು, ಆಮೇಲೆ ಮುರುಗಲ ಪಾನಕ, ಆಮೇಲೆ ಮಾತು.

“ಎಷ್ಟು ಕಡೆ ಇಳಿದು ತಳ್ಳಿದಿರಿ?”

“ಎರಡು ಕಡೆ, ಆಯಿ.”

“ಸಾಕು ಹಾಗಾದರೆ. ನಿನ್ನ ಅಪ್ಪ ಉಪ್ಪು ಹೊತ್ತು ಬರುವಾಗ ಆರು ಕಡೆ ಹೊರೆ ಇಳಿಸುತ್ತಿದ್ದರು.”

1958ರಲ್ಲಿ ಹದಿನೇಳರ ಮದುಮಗಳಾಗಿ ಅವರು ಈ ಅಂಗಳಕ್ಕೆ ಬಂದಾಗ, ಬಸ್ಸು ಬಿಟ್ಟ ಮೇಲಿನ ದಾರಿಯನ್ನೆಲ್ಲ ನಡೆದೇ ಕಳೆದವರು. ತವರಿನಲ್ಲಿ ಮಳೆಗಾಲವಿಡೀ ಉಂಚಳ್ಳಿಯ ಮೊರೆತ ಕೇಳಿ ಬೆಳೆದವರಿಗೆ ಇಲ್ಲಿಯ ಮೌನದಲ್ಲಿ ಮೊದಲ ವರ್ಷ ನಿದ್ದೆ ಬರುತ್ತಿರಲಿಲ್ಲವಂತೆ.

ರಾತ್ರಿ ಊಟವಾದ ಮೇಲೆ ಅಳಿಯನೇ ಮಾತು ತೆಗೆದ. ಕಳಚೆಯನ್ನು ನೆನಪಿಸಿದ. ಹಿಂದಿನ ಧರೆಯನ್ನು ತೋರಿಸಿದ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

“ನಿನ್ನ ಭಯ ಸುಳ್ಳಲ್ಲ, ತಮಾ. ಧರೆ ಎಂದರೆ ಸಾಕಿದ ಎಮ್ಮೆಯ ಹಾಗೆ, ದಿನಾ ನೋಡಿಕೊಳ್ಳಬೇಕು. ಮೇಲಿನ ಕಾಲುವೆಯಲ್ಲಿ ದರಕು ತುಂಬಲು ಬಿಡಬಾರದು; ನೀರು ನಿಂತಿತೋ, ಕೆಟ್ಟಿತು. ಎರಡು ವರ್ಷವಾಯಿತು, ನನಗೆ ಅಲ್ಲಿವರೆಗೆ ಹತ್ತಲು ಆಗುವುದಿಲ್ಲ. ಆಳುಗಳಿಗೆ ಹೇಳಿದರೆ ನಾಳೆ ಎನ್ನುತ್ತಾರೆ.”

ಹುಬ್ಬಳ್ಳಿಯ ಮಾತಿಗೆ ಅವರು ಇಲ್ಲವೆನ್ನಲಿಲ್ಲ. ಆಷಾಢ ಶ್ರಾವಣದ ಎರಡು ತಿಂಗಳು ಬರುತ್ತೇನೆ, ಮಳೆ ಬಿಟ್ಟ ಮೇಲೆ ತಂದು ಬಿಡಬೇಕು ಎಂದರು. ‘ನೋಡೋಣ’ ಎಂಬಲ್ಲಿಂದ ಮಾತು ಇಷ್ಟು ದೂರ ಬಂದದ್ದು ಅದೇ ಮೊದಲು.

ಮರುದಿನ ಹಿಂತಿರುಗಬೇಕಾಗಿತ್ತು. ಸೈಕಲ್ಲುಗಳು ಜಗಲಿಯ ಕಂಬಕ್ಕೆ ಒರಗಿಯೇ ಇದ್ದವು. ಮಾವ ಗುದ್ದಲಿ, ಅಳಿಯ ಹೆಡಿಗೆ ಹಿಡಿದು ಬೆಳಿಗ್ಗೆಯೇ ಧರೆಯ ಮೇಲೆ ಹತ್ತಿದ್ದರು. ಕಾಲುವೆಯ ದರಕು, ಜಾರಿದ ಮಣ್ಣು, ಕೊಳೆತ ಬೇರು ಎಲ್ಲವನ್ನೂ ತೆಗೆದು, ಹಳ್ಳದ ಕಡೆಗೆ ನೀರಿನ ದಾರಿ ತಿರುಗಿಸುವ ಹೊತ್ತಿಗೆ ಸಂಜೆಯಾಯಿತು. ಕೆಳಗೆ ಅಂಗಳದಲ್ಲಿ ನಿಂತ ಅಜ್ಜಿ ಕೈಯನ್ನು ಹಣೆಗೆ ಅಡ್ಡ ಹಿಡಿದು, ಇನ್ನೂ ತುಸು ಎಡಕ್ಕೆ, ಹಲಸಿನ ಮರದ ಆಚೆ, ಎಂದು ಕೂಗಿ ಹೇಳುತ್ತಿದ್ದರು.